ಸ್ಟೇನ್‌ವೊರ್ ಹಿಡಿದಿಟ್ಟ ಮಣ್ಣು

ಬೆಳಗಿನ ಗಾಳಿ ಆಗಲೇ ಬಾಯಿಗೆ ಮಣ್ಣು ತುಂಬುತ್ತಿದೆ. ನಮ್ಮೂರು ಗ್ರಾವ್‌ಹೋಲ್ಟಿನ ಮೇಲಿನ ಗುಡ್ಡದಲ್ಲಿ ಸ್ಟೇನ್‌ವೊರ್ ಮಂಡಿಯೂರಿ ಕೂತು, ಮಣ್ಣು ಗಾಳಿಗೆ ಹಾರಿಹೋಗದಂತೆ, ಕುಸಿಯುತ್ತಿರುವ ದಿಬ್ಬದ ಬುಡಕ್ಕೆ ಕೊಳೆತ ಹುಲ್ಲು ತುರುಕುತ್ತಿದ್ದಾಳೆ. ದಿಬ್ಬದ ನೆತ್ತಿಯಲ್ಲಿ ಒಂದಿಷ್ಟು ಹಸಿರು, ಕೆಳಗೆಲ್ಲ ಬೆತ್ತಲೆ ಮಣ್ಣು. ಅರವತ್ತು ದಾಟಿದ ಈ ಹೆಂಗಸನ್ನು ಊರು "ನೆಲಕ್ಕೆ ಮೇವು ಹಾಕೋಳು" ಎಂದು ಆಡಿಕೊಳ್ಳುತ್ತದೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಐಸ್‌ಲ್ಯಾಂಡಿನ ಈ ಮಣ್ಣು ಪುಕ್ಕಟೆ ಬಂದದ್ದೇನು? ಜ್ವಾಲಾಮುಖಿ ಉಗುಳಿದ ಬೂದಿ, ಅದರ ಮೇಲೆ ಹುಲ್ಲು, ಮತ್ತೆ ಬೂದಿ, ಮತ್ತೆ ಹುಲ್ಲು. ದಿಬ್ಬದ ಸೀಳಿನಲ್ಲಿ ಕಪ್ಪು, ಕಂದು, ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ. ಸಾವಿರಾರು ವರ್ಷ ಕೂಡಿದ್ದು. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ನೆಲವನ್ನೇ ಮೇಲೆತ್ತುತ್ತದೆ. ವಸಂತದಲ್ಲಿ ಕರಗಿದಾಗ ಎಲ್ಲ ಪುಡಿಪುಡಿ. ಆಗ ಕುರಿಯ ಗೊರಸು ಬಿತ್ತೋ, ಮಿಕ್ಕಿದ್ದನ್ನು ಗಾಳಿ ಸಮುದ್ರಕ್ಕೆ ಹೊತ್ತೊಯ್ಯುತ್ತದೆ. ಬೇರು ಹಿಡಿಯುವವರೆಗೆ ಕುರಿಗಳನ್ನು ಬೆಟ್ಟಕ್ಕೆ ಬಿಡಬಾರದೆಂದು ಇಲ್ಲಿ ಮಕ್ಕಳಿಗೂ ಗೊತ್ತು.

ಗೊತ್ತಿದ್ದೂ ಈ ಸಲ ಬೆಟ್ಟದ ಬೇಲಿಯ ಬಾಗಿಲು ಹೊತ್ತಿಗೆ ಮೊದಲೇ ತೆರೆಯಿತು. ತೆರೆದವನು ಎಯ್ವಿಂದುರ್, ನಮ್ಮ ಬೆಟ್ಟದ ರಾಜ. ಚಳಿ ಶುರುವಾಗುವ ಮೊದಲು ಕುರಿಗಳನ್ನು ಇಳಿಸಿ ತರುವ ಸವಾರರ ಮುಂದಾಳಿಗೆ ಇಲ್ಲಿ ಆ ಹೆಸರು. ಅವನಿಗೆ ಪತ್ರಿಕೆಯಲ್ಲಿ ಕುದುರೆ ಮೇಲಿನ ಫೋಟೋ, ದೊಡ್ಡಿಯಲ್ಲಿ ಹಾಡು, ಮಾಂಸದ ಸಾರಿನ ಮೊದಲ ಬಟ್ಟಲು. ಆ ಕುರಿಗಳು ಮೇಯುವ ನೆಲವನ್ನು ಹಿಡಿದಿಟ್ಟವಳಿಗೆ ಗೇಲಿ! ಇದೆಂಥ ನ್ಯಾಯ?

ಮೊನ್ನೆ ಕುರಿಗಳು ದಿಬ್ಬಕ್ಕೆ ಮೈ ಉಜ್ಜಿ, ತುರುಕಿದ ಹುಲ್ಲನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದವು. ಸ್ಟೇನ್‌ವೊರ್ ನೆಟ್ಟಗೆ ಎಯ್ವಿಂದುರನ ಅಂಗಳಕ್ಕೆ ನಡೆದಳು. ಪತ್ರಿಕೆಗೆ ಊರಿನ ಸುದ್ದಿ ಬರೆಯುವ ನಾನೂ ಜೊತೆಗಿದ್ದೆ.

"ಬಾಗ್ಲು ಯಾಕೋ ತೆಗ್ದೆ? ನೆಲದ ಹೆಪ್ಪು ಇನ್ನೂ ಪೂರ್ತಿ ಬಿಟ್ಟಿಲ್ಲ."

"ಮೇವು ಖಾಲಿ ಕಣೇ. ನೀನು ನೆಲಕ್ಕೆ ಹುಲ್ಲು ತಿನ್ನಿಸ್ತಿದೀಯ, ನನ್ನ ಕುರಿ ಕಲ್ಲು ತಿನ್ಬೇಕಾ?"

"ಅದು ಕೊಳೆತ ಹುಲ್ಲು ಮಾರಾಯ, ನಿನ್ನ ಕುರೀನೇ ಮೂಸದೆ ಬಿಟ್ಟಿದ್ದು!"

"ಒಂದಿಷ್ಟು ಮಣ್ಣು ಹೋದ್ರೆ ಏನೀಗ? ಜ್ವಾಲಾಮುಖಿ ಇನ್ನೊಂದ್ಸಲ ಉಗುಳತ್ತೆ ಬಿಡು."

ಅಂಗಳದಲ್ಲಿದ್ದವರು ಹೋ ಎಂದು ನಕ್ಕರು. ನಾನು ಬೈಯಲು ಬಾಯಿ ತೆರೆದೆ. ಆಕೆ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟಳು.

ಸಂಜೆ ಟ್ರ್ಯಾಕ್ಟರಿನಲ್ಲಿ ಮರಳಿ ಬಂದಳು. ಹಿಂದಿನ ಗಾಡಿಯಲ್ಲಿ ತನ್ನ ಕುದುರೆಗಳಿಗೆಂದು ಎತ್ತಿಟ್ಟಿದ್ದ ಒಳ್ಳೆಯ ಹುಲ್ಲಿನ ಸುರುಳಿಗಳು. ಎಲ್ಲವನ್ನೂ ಅವನ ಕೊಟ್ಟಿಗೆಯ ಮುಂದೆ ಉರುಳಿಸಿದಳು.

"ಇಗೋ ರಾಜ, ಕುರಿ ಕೆಳಗಿಳ್ಸು. ಬಾಗ್ಲು ಹಾಕು."

"ನಿನ್ನ ಕುದ್ರೆಗಳಿಗೆ?"

"ಮನೆ ಮುಂದಿನ ಒಣಹುಲ್ಲು ಕೆರ್ಕೊಂಡು ತಿನ್ತವೆ. ಬಡಕಲಾದ್ರೆ ಮತ್ತೆ ತುಂಬ್ಕೊಳ್ತವೆ. ಮಣ್ಣು ತುಂಬ್ಕೊಳಲ್ವಲ್ಲೋ."

ಮರುದಿನ ಬಾಗಿಲು ಮುಚ್ಚಿತು. ಆ ಮಹಾರಾಜ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಅವನ ತಪ್ಪಿಗೆ ಇವಳ ಕುದುರೆಗಳು ಹೊಟ್ಟೆ ಕಟ್ಟಬೇಕು! ನನಗಂತೂ ಇನ್ನೂ ತಡೆಯಲಾಗುತ್ತಿಲ್ಲ.

ಇವತ್ತು ಚೆಲ್ಲಿದ ಹುಲ್ಲನ್ನೇ ಬಾಚಿ ಮತ್ತೆ ತುರುಕುತ್ತಿದ್ದಾಳೆ. ದಿಬ್ಬದ ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೂಟವೊಂದಿದೆ. ಮಣ್ಣು ಎಷ್ಟು ಸವೆಯುತ್ತದೆಂದು ನೋಡಲು ಹೋದ ವಸಂತದಲ್ಲಿ ಅಂಚಿಗೆ ಸರಿಯಾಗಿ ಅವಳೇ ಬಡಿದದ್ದು.

"ಪೇಪರಿಗೆ ಏನಂತ ಬರೀಲಿ?" ಎಂದು ಕೇಳುತ್ತೇನೆ.

ಆಕೆ ಗೂಟದ ಪಕ್ಕದ ಅಂಚನ್ನು ಅಂಗೈಯಿಂದ ಸವರುತ್ತಾಳೆ.

"ಏನೂ ಆಗ್ಲಿಲ್ಲ ಅಂತ ಬರಿ," ಎನ್ನುತ್ತಾಳೆ. "ಅಂಚು ಇದ್ದಲ್ಲೇ ಇದೆ."