ಆ ಅಜ್ಜಿಯ ಜಡೆ

ಮೊನ್ನೆ ಸೋಮವಾರ ನನ್ನ ಮೊಮ್ಮಗಳು ಬಿಳಿ ಯೂನಿಫಾರಂ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಯಲ್ಲಿ ವಾರ್ಡಿನೊಳಗೆ ಹೋದಳು! ನಿಜವಾದ ನರ್ಸ್ ಆದಳು! ಹರಿಹರದ ನಮ್ಮ ಓಣಿಯಲ್ಲಿ ಇದನ್ನು ನನ್ನ ಬಾಯಿಂದ ಕೇಳದವರು ಯಾರೂ ಉಳಿದಿಲ್ಲ. ಹಾಲು ಹಾಕುವವನಿಗೆ ಎರಡು ಸಲ ಹೇಳಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬರೆದು ರೂಢಿಯಿಲ್ಲ, ಆದರೂ ಬರೆಯದೆ ಇರಲಾಗುತ್ತಿಲ್ಲ.

ಕೆಲಸ ಸಿಕ್ಕಿದ್ದು ಮೂರು ತಿಂಗಳ ಹಿಂದೆಯೇ. ಪಿ.ಜೆ. ಬಡಾವಣೆಯ ಒಂದು ಸಣ್ಣ ಆಸ್ಪತ್ರೆ. ಕೆಳಗೆ ವಾರ್ಡು, ಮೇಲೆ ಡಾಕ್ಟರ ಮನೆ. ಮೊದಲ ದಿನವೇ ಡಾಕ್ಟರು ಅವಳನ್ನು ಮೇಲಕ್ಕೆ ಕರೆದು, ನಾಲ್ಕು ದಿನ ನಮ್ಮ ತಾಯಿಯನ್ನು ನೋಡಿಕೊಳ್ಳಮ್ಮ ಎಂದರಂತೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ತಾಯಿಗೆ ಬಿಳಿ ಬಟ್ಟೆ ಕಂಡರೆ ಆಗದು, ಚೂಡಿದಾರದಲ್ಲೇ ಬಾ ಎಂದರು. ನಮ್ಮ ಸೊಸೆ ಇಸ್ತ್ರಿ ಮಾಡಿ ಚೀಲಕ್ಕಿಟ್ಟ ಯೂನಿಫಾರಂ ಸಂಜೆ ಮಡಿಕೆ ಬಿಚ್ಚದೆ ಹಾಗೇ ವಾಪಸು ಬರುತ್ತಿತ್ತು.

"ಮೂರು ವರ್ಷ ಓದಿದ್ದು ಇದಕ್ಕೇನಜ್ಜಿ? ಸೂಜಿ ಹಿಡಿಯೋ ಕೈಗೆ ಬಾಚಣಿಗೆ ಕೊಟ್ಟಾರೆ. ದಿನಾ ಆ ಅಜ್ಜಿಗೆ ಸ್ನಾನ, ಊಟ, ಜಡೆ."

ಅವಳ ಕಣ್ಣಲ್ಲಿ ನೀರಿತ್ತು. ಸಮಾಧಾನ ಹೇಳಬೇಕಾದ ನನ್ನ ಬಾಯಿಂದ ಬಂದದ್ದು, "ಜಡೇನೂ ಹಾಕ್ತೀಯಾ?"

ಹೌದು, ಹೊಟ್ಟೆ ಉರಿಯಿತು. ಅವಳು ಜಡೆ ಹಾಕಲು ಕಲಿತದ್ದೇ ನನ್ನ ತಲೆಯ ಮೇಲೆ. ಭಾನುವಾರ ಬಂತೆಂದರೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನೋಯದಂತೆ ಹೆಣೆಯುತ್ತಿದ್ದಳು. ಈಗ ಭಾನುವಾರವೂ ಆಕೆಯ ಹತ್ತಿರವೇ. ಇಲ್ಲಿ ನಾನು ಒಬ್ಬಳೇ ತುರುಬು ಸುತ್ತಿಕೊಳ್ಳಬೇಕು. ಮುಖ ನೋಡದ ಆ ಮುದುಕಿಯ ತಲೆಯಲ್ಲಿ ಹೇನಾಗಲಿ ಎಂದುಕೊಂಡೆ. ಹೇನು ಹೆಕ್ಕುವವಳೂ ನಮ್ಮ ಹುಡುಗಿಯೇ ಎಂದು ಹೊಳೆದು ಶಾಪ ವಾಪಸು ತೆಗೆದುಕೊಂಡೆ.

ಹೋದ ವಾರ, ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಮಗನಿಗೆ ಸುಳ್ಳು ಹೇಳಿ ದಾವಣಗೆರೆ ಬಸ್ಸು ಹತ್ತಿದೆ. ನಾನು ಹೋದಾಗ ಮೊಮ್ಮಗಳು ಮಾತ್ರೆ ತರಲು ಹೊರಗೆ ಹೋಗಿದ್ದಳು. ಆ ಅಜ್ಜಿ ಕೂದಲು ಬಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ನರ್ಸ್ ಹುಡುಗಿಯ ಅಜ್ಜಿ ಎಂದು ನಾನು ಹೇಳಿದ್ದೇ ಅವರ ಮುಖ ಗಂಟಾಯಿತು.

"ಓಹೋ, ನೀವೇ ಏನ್ರಿ ಅದು! ಬರ್ರಿ, ಕೂಡ್ರಿ. ಉಣ್ಣಾಕೆ ಕುಂತ್ರೆ ನಮ್ಮಜ್ಜಿ ರೊಟ್ಟಿ ಎಷ್ಟು ತೆಳ್ಳಗಿರ್ತೈತೆ ಅಂತಾಳೆ. ತಲೆ ಬಾಚಾಕೆ ಕುಂತ್ರೆ ನಮ್ಮಜ್ಜಿ ಕೂದ್ಲು ಇನ್ನೂ ಕಪ್ಪೈತೆ ಅಂತಾಳೆ. ನಿಮ್ಮ ಪುರಾಣ ಕೇಳಿ ಕೇಳಿ ಸಾಕಾಗೈತೆ ನಂಗೆ!"

ಆಕೆಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ಖುಷಿಗೆ ನನಗೆ ಧೈರ್ಯ ಬಂತು.

"ಸಾಕಾಗಿದ್ರೆ ಬಿಟ್ಬಿಡ್ರಿ ಆಕೀನ. ವಾರ್ಡಿಗೆ ಹಾಕಪ್ಪ ಅಂತ ಮಗನಿಗೆ ಹೇಳ್ರಿ. ದಿನಾ ಅಳ್ತಾ ಮನೀಗೆ ಬರ್ತಾಳೆ."

"ಅಳ್ತಾಳಾ? ನನ್ನ ಮುಂದೆ ಒಂದಿನಾನೂ ಅತ್ತಿಲ್ಲ." ಬಿಟ್ಟ ಕೂದಲನ್ನು ಕೈಯಿಂದ ಮುಂದಕ್ಕೆ ಎಳೆದುಕೊಂಡರು. "ಸ್ನಾನಕ್ಕೆ, ಊಟಕ್ಕೆ ಒಬ್ಬ ಆಯಾ ಸಿಗ್ತಾಳೆ. ನನ್ನ ಜಡೆ ಯಾರು ಹಾಕ್ತಾರ್ರಿ?"

"ನಾನು ಹಾಕ್ತೀನಿ. ವಾರಕ್ಕೊಂದ್ಸಲ ಬರ್ತೀನಿ."

ಅದು ಹೆಂಗೆ ಬಾಯಿಂದ ಬಂತೋ ಗೊತ್ತಿಲ್ಲ. ಆಡಿಬಿಟ್ಟ ಮೇಲೆ ಬಾಚಣಿಗೆ ತೆಗೆದುಕೊಂಡೆ. ಬೆಳ್ಳಗೆ, ರೇಷ್ಮೆಯಂಥ ಕೂದಲು. ಅದಕ್ಕೂ ಹೊಟ್ಟೆ ಉರಿಯಿತು.

"ಮೆಲ್ಲಗ್ರಿ! ನಿಮ್ಮ ಮೊಮ್ಮಗಳ ಕೈ ಎಷ್ಟು ಮೆತ್ತಗೈತೆ."

"ಅದು ನಂಗೊತ್ತಿಲ್ವೇನ್ರಿ?" ಎಂದು ಇನ್ನೊಂದಿಷ್ಟು ಬಿಗಿದೆ.

ಜಡೆ ಮುಗಿದ ಮೇಲೆ, ಮಗನಿಗೆ ಹೇಳ್ತೀನಿ ಎಂದಿದ್ದರು; ಆಕೆ ಮಾತು ಉಳಿಸಿಕೊಂಡರು. ಸೋಮವಾರ ಸಂಜೆ ಯೂನಿಫಾರಂ ಮುದ್ದೆಯಾಗಿ, ತೋಳಿಗೆ ಟಿಂಚರ್ ಕಲೆ ಮಾಡಿಕೊಂಡು ನಮ್ಮ ಹುಡುಗಿ ಮನೆಗೆ ಬಂದಳು. ಮಗ, ಸೊಸೆ, ಅವಳು, ನಾನು, ನಾಲ್ವರೂ ಒಟ್ಟಿಗೆ ಉಣ್ಣಲು ಕೂತೆವು. ರೊಟ್ಟಿ, ಎಣ್ಣೆಗಾಯಿ, ಶ್ಯಾವಿಗೆ ಪಾಯಸ.

"ಅಜ್ಜಿ, ಇವತ್ತು ವಾರ್ಡಲ್ಲಿ ಒಬ್ಬ ವಯಸ್ಸಾದಮ್ಮನಿಗೆ ಡ್ರಿಪ್ ಹಾಕಿದೆ. ಒಂದೇ ಸಲಕ್ಕೆ ನರ ಸಿಕ್ತು! ನನ್ನ ಮೊಮ್ಮಗಳು ಇದ್ದಂಗೆ ಇದೀಯವ್ವ ಅಂದ್ರು."

ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. "ಆಕೀಗೆ ಜಡೆ ಐತೇನು?"

ಸೊಸೆಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಮಗ ನೀರು ಕೊಟ್ಟ. ಮೊಮ್ಮಗಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಉಣ್ಣಜ್ಜಿ ಸುಮ್ನೆ. ಭಾನುವಾರ ನಂಗೆ ರಜಾ," ಎಂದಳು.

ಉಂಡೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.