ಸೆಂಟ್ರಿಂಗ್ ಬಿಚ್ಚುವ ದಿನ

ಪುಣೆಯ ಆಸ್ಪತ್ರೆಯೊಂದರಲ್ಲಿ ಎಕೋ ತೆಗೆಯುವುದು ನನ್ನ ಕೆಲಸ. ತೆರೆಯ ಮೇಲೆ ಹೃದಯ ಹೇಗೆ ಕಂಡರೂ ಮನೆಯವರಿಗೆ ನಾವು ಹೇಳುವಂತಿಲ್ಲ, ಅದು ಡಾಕ್ಟರ ಕೆಲಸ. ಆದರೆ ಬೈಪಾಸ್ ಆದ, ಗಾರೆ ಕೆಲಸದ ಗೌಂಡಿಯೊಬ್ಬನ ಹೆಂಡತಿ, ಯಾದಗಿರಿ ಕಡೆಯವಳು, ಡಾಕ್ಟರ ಮರಾಠಿ ತಿಳಿಯದೆ, ಕನ್ನಡ ಬಲ್ಲ ನನ್ನ ಬೆನ್ನು ಹತ್ತಿದಳು. ಸುಮ್ಮನಿರಲು ಆಗಲಿಲ್ಲ.

"ಆಪರೇಷನ್ ಚಲೋ ಆಗ್ಯಾದ ಅಕ್ಕಾ. ಹೃದಯದ ಸ್ನಾಯು ಸದ್ಯಕ್ಕ ಮಂಕಾಗ್ಯಾವ, ಅಷ್ಟ. ಎರಡು ಮೂರು ದಿನದಾಗ ಚೇತರಿಸ್ಕೊಂತಾವ. ಅಲ್ಲಿತನಕ ಔಷಧ, ಮಷೀನಿನ ಆಸರ ಬೇಕು" ಎಂದೆ.

"ಸ್ಲ್ಯಾಬ್ ಇದ್ದಂಗ ಅನ್ರಿ. ಗಟ್ಟಿ ಆಗೂತನಕ ಕೆಳಗ ಆಸರ ಕೊಟ್ಟ ಸೆಂಟ್ರಿಂಗ್ ಹಲಗಿ ಬಿಚ್ಚಂಗಿಲ್ಲ" ಎಂದಳು. ಇಷ್ಟು ಚೆನ್ನಾಗಿ ತಿಳಿಸಿದೆನಲ್ಲ ಎಂದು ನನಗೇ ಹೆಮ್ಮೆಯಾಯಿತು.

ಐದನೆಯ ದಿನವೂ ತೆರೆಯ ಮೇಲೆ ಆ ಹೃದಯ ಮೊದಲ ದಿನದಷ್ಟೇ ನಿತ್ರಾಣವಾಗಿ ಮಿಸುಕುತ್ತಿತ್ತು. ಐಸಿಯುನಿಂದ ಹೊರಬಂದರೆ ಬಾಗಿಲಲ್ಲೇ ಅವಳು.

"ಸ್ಲ್ಯಾಬಿಗೆ ಇಷ್ಟ ದಿನ ಅಂತ ಇರತದ್ರಿ. ಇದಕ್ಕ ಇನ್ನ ಎಷ್ಟು?"

"ಡಾಕ್ಟರನ್ನ ಕೇಳ್ರಿ ಅಕ್ಕಾ. ನಾವು ಹೇಳಂಗಿಲ್ಲ" ಎಂದೆ.

ಇಷ್ಟು ವರ್ಷದ ನೌಕರಿಯಲ್ಲಿ ಆ ನಿಯಮವನ್ನು ನಾನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅಂದೇ ಮೊದಲು.