ನಿಂತರೆ ಸಾಯುವ ಕಾರಿನಲ್ಲಿ ಔರಂಗಾಬಾದಿಗೆ

ದಸರೆ ಮುಗಿದ ಮೂರನೆಯ ದಿನ ಬೆಳಗ್ಗೆ ನಾಶಿಕದಿಂದ ಔರಂಗಾಬಾದಿಗೆ ಹೊರಟೆವು. ಕಾರು ನನ್ನ ನೆರೆಮನೆಯ, ಬೀದರ ಕಡೆಯ ಜವಳಿ ವ್ಯಾಪಾರಿ ಸಂಗಪ್ಪನವರದು. ಮುಂಬಯಿಯ ಯಾರೋ ರೇಸಿನ ಹುಚ್ಚಿನವರು ಮಾರಿದ್ದ ವಿದೇಶಿ ಗಾಡಿ. ಅದಕ್ಕೆ ಕಾರ್ಬ್ಯುರೇಟರ್ ಇಲ್ಲ; ಪಂಪೇ ಪೆಟ್ರೋಲನ್ನು ಅಳೆದು ಎಂಜಿನ್ನಿಗೆ ಚಿಮ್ಮಿಸುತ್ತದೆ. ಓಡುವಾಗ ಕುದುರೆ. ಆದರೆ ಹಬ್ಬದ ಮರುದಿನದಿಂದ, ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಗೊಣಗಿ ಆರಿಹೋಗುತ್ತಿತ್ತು. ಓಝರಿನ ವಿಮಾನ ಕಾರ್ಖಾನೆಯಲ್ಲಿ ನಾನು ಎಂಜಿನಿಯರ್ ಎಂಬುದೇ ತಪ್ಪಾಯಿತು. ವಿಮಾನದವರಿಗೆ ಕಾರು ಯಾವ ಲೆಕ್ಕ ಎಂದು ಸಂಗಪ್ಪ ಗಂಟುಬಿದ್ದರು. ಬೇಲಿಯ ಮೇಲಿನ ಓತಿಕ್ಯಾತವನ್ನು ಕಿವಿಯಲ್ಲಿ ಬಿಟ್ಟುಕೊಂಡೆ.

ಹೊರಟದ್ದು ಅವರ ಮಗಳು ಮಹಾದೇವಿಯನ್ನು ಚೊಚ್ಚಲ ಹೆರಿಗೆಗೆ ಕರೆತರಲು. ಹಿಂದಿನ ಸಲ ತವರಿಗೆ ಕರೆತರಲು ಸಂಗಪ್ಪ ಒಯ್ದಿದ್ದ ಬಾಡಿಗೆ ಕಾರು ದಾರಿಯಲ್ಲಿ ಕೆಟ್ಟು, ಬಸುರಿ ಹುಡುಗಿ ಸುಡುಬಿಸಿಲಲ್ಲಿ ರಸ್ತೆಬದಿ ಕೂರಬೇಕಾಯಿತಂತೆ. ಇನ್ನೊಮ್ಮೆ ಅಂಥ ಗಾಡಿ ತಂದರೆ ಹೆರಿಗೆ ನಮ್ಮಲ್ಲೇ ಎಂದು ಬೀಗರು ಹೇಳಿಕಳಿಸಿದ್ದರು. ಅಂದಿನಿಂದ ತಾಯಿ ನೀಲಮ್ಮ ಸರಿಯಾಗಿ ಉಂಡಿರಲಿಲ್ಲ. ಕಡಕ್ ರೊಟ್ಟಿಯ ಬುತ್ತಿ ಕೊಟ್ಟು, "ಅಣ್ಣಾರ, ಹುಡುಗಿನ್ನ ಕರ್ಕೊಂಡೇ ಬರ್ರಿ" ಎಂದರು.

ನಿಫಾಡದಲ್ಲಿ ಸಂಗಪ್ಪ ಇಳಿದು ಆರಾಮಾಗಿ ಚಹಾ ಕುಡಿದರು. ನಾನು ಆಕ್ಸಿಲರೇಟರ್ ತುಳಿಯುತ್ತಲೇ ಒಳಗೆ ಕೂತಿದ್ದೆ. ಕಿಟಕಿಯಿಂದ ಕೊಟ್ಟ ಇಪ್ಪತ್ತು ಪೈಸೆಯ ಚಹಾ ಅರ್ಧ ನನ್ನ ಪ್ಯಾಂಟಿನ ಮೇಲಾಯಿತು.

ಯೇವಲೆಯ ರೈಲ್ವೆ ಗೇಟು ಮುಚ್ಚಿತ್ತು, ಬ್ರೇಕಿಗೆ ಕಾಲು ಹೋದದ್ದೇ ಕಾರು ಸತ್ತಿತು. ಗೇಟು ತೆರೆದರೂ ಅದಕ್ಕೆ ಜೀವ ಬರಲಿಲ್ಲ. ಹಿಂದೆ ಈರುಳ್ಳಿ ಲಾರಿಗಳ ಹಾರನ್ನು. ಒಬ್ಬ ಮೆಕ್ಯಾನಿಕ್, ಒಬ್ಬ ಲಾರಿ ಡ್ರೈವರ್, ಒಬ್ಬ ಸೀರೆ ವ್ಯಾಪಾರಿ ಬಾನೆಟ್ಟಿಗೆ ತಲೆ ಹಾಕಿ, ಕಾರ್ಬ್ಯುರೇಟರಿನಲ್ಲಿ ಕಸ ಎಂದು ಆಣೆ ಮಾಡಿದರು. ಇಲ್ಲದ ಕಾರ್ಬ್ಯುರೇಟರಿನಲ್ಲಿ ಎಲ್ಲಿಯ ಕಸ? ತಳ್ಳಿಸಿ ಚಾಲೂ ಮಾಡಿದೆ.

"ಓಡೋದು ಚಲೋ ಓಡ್ತದರಿ. ನಿಂತಾಗಷ್ಟ ತಕರಾರು" ಎಂದು ಸಂಗಪ್ಪ ನನ್ನನ್ನೇ ಸಮಾಧಾನಪಡಿಸಿದರು. ಬೀಗರ ಮನೆಯ ಮುಂದೆ ನಿಲ್ಲಿಸದೆ ಮಗಳನ್ನು ಹತ್ತಿಸಿಕೊಳ್ಳುವುದು ಹೇಗೆಂದು ಕೇಳಿದೆ. ಅವರು ಬುತ್ತಿಯ ಗಂಟು ಬಿಚ್ಚತೊಡಗಿದರು.

ವೈಜಾಪುರ ದಾಟಿ, ಬೇವಿನ ನೆರಳಲ್ಲಿ ನಿಲ್ಲಿಸಿ ಅಂಗಿಯ ತೋಳು ಮಡಚಿದೆ. ಪ್ಲಗ್ಗುಗಳು ನೆಟ್ಟಗಿದ್ದವು, ಪೆಟ್ರೋಲು ಸರಾಗವಾಗಿ ಬರುತ್ತಿತ್ತು. ಕಾಲೆತ್ತಿದಾಗ ದೊಡ್ಡ ಗಾಳಿಬಾಗಿಲು ಮುಚ್ಚುತ್ತದೆ. ಎಂಜಿನ್ ಒಂದು ಸಣ್ಣ ತೂತಿನಿಂದಲೇ ಉಸಿರಾಡಬೇಕು. ಆ ತೂತಿನ ತಿರುಪನ್ನು ಬಿಗಿದೆ, ಸಡಿಲಿಸಿದೆ. ಎಂಜಿನ್ನಿಗೆ ಖಬರೇ ಇಲ್ಲ. ಹಾಗಾದರೆ ಗಾಳಿ ತಿರುಪಿನವರೆಗೆ ಬರುತ್ತಲೇ ಇಲ್ಲ. ಗಾಳಿ ಸೋಸುವ ಫಿಲ್ಟರಿನ ಆಚೆಯ ಕೊಳವೆ ಬಿಚ್ಚಿದೆ. ತೂತಿನ ಬಾಯಿಗೆ ಒಂದು ಎಲೆ ಅಂಟಿ ಕೂತಿತ್ತು. ಅದರ ಮೇಲೆ ಕುಂಕುಮ! ದಸರೆಯಲ್ಲಿ ನಾವು ಬನ್ನಿ ಕೊಡುವಂತೆ ಇಲ್ಲಿಯವರು ಬಂಗಾರವೆಂದು ಹಂಚುವ ಆಪಟಾ ಎಲೆ.

ಸಂಗಪ್ಪನವರ ಮುಖ ಸಣ್ಣದಾಯಿತು. "ಪೂಜಿಗಂತ ಫಿಲ್ಟರ್ ಬಿಚ್ಚಿ ತೊಳದಿದ್ವಿರಿ. ಮನ್ಯಾಗಿನಾಕಿ ಇಂಜನ್ನಿನ ಬಾಯಾಗ ಬಂಗಾರ ಇಟ್ಟಾಳ. ಮಗಳು ಸುಖವಾಗಿ ಬರ್ಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. ಆಕೆಗೆ ಮಾತ್ರ ಹೇಳಬೇಡಿರೆಂದು ಅವರು ಕೈಮುಗಿದರು. ಎಲೆಯನ್ನು ಜೇಬಿಗೆ ಹಾಕಿಕೊಂಡೆ.

ಗಂಗಾಪುರದಲ್ಲಿ ಎಮ್ಮೆಗಳ ಹಿಂಡು ಅಡ್ಡಬಂದಾಗ ಕಾರು ನಿಂತಲ್ಲೇ ಗುರ್ ಎನ್ನುತ್ತಿತ್ತು. ಔರಂಗಾಬಾದಿನಲ್ಲಿ ಬೀಗರು ಮೆಟ್ಟಿಲಿಳಿದು ಬಂದು, "ಬಂದ್ ಮಾಡಬ್ಯಾಡ್ರಿ, ಹಂಗೇ ಇರ್ಲಿ" ಎಂದು ಕಟ್ಟೆಯ ಮೇಲೆ ಕೂತರು. ಚಹಾ ತರಿಸಿಕೊಂಡು, ಕಿವಿಗೊಟ್ಟು, ಬೇಕೆಂದೇ ನಿಧಾನವಾಗಿ ಕುಡಿದರು. ಮಹಾದೇವಿ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ನಾನು ಆಕ್ಸಿಲರೇಟರಿನಿಂದ ಕಾಲೆತ್ತಿ ಕೂತಿದ್ದೆ. ಲೋಟ ಬರಿದಾದರೂ ಎಂಜಿನ್ ಆರಲಿಲ್ಲ. "ಸೊಸಿನ್ನ ಕಳಸ್ತೀನಿ. ಮೆಲ್ಲಕ ಹೋಗ್ರಿ" ಎಂದರು.

ಮರುದಿನ ಸಂಜೆ ನಾಶಿಕ ಮುಟ್ಟಿದೆವು. ನೀಲಮ್ಮ ಮಗಳನ್ನು ತಬ್ಬಿ ಮನಸಾರೆ ಅತ್ತರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡ್ರಿ ಅಣ್ಣಾರ, ನಾ ಇಟ್ಟ ಎಲಿ ಕೈ ಬಿಡಲಿಲ್ಲ."

ಸಂಗಪ್ಪ ನೆಲ ನೋಡಿದರು. ಜೇಬಿನಲ್ಲಿದ್ದ ಎಲೆಯ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡು, "ಹೌದ್ರಿ ಅಕ್ಕಾರ" ಎಂದೆ.

ಇನ್ನು ಹೆರಿಗೆಯೂ ಸುಸೂತ್ರವಾಗಲೆಂದು ಅವರು ದೇವರ ಕೋಣೆಯಿಂದ ಇನ್ನೊಂದು ಎಲೆ ತಂದು ಕಾರಿನತ್ತ ನಡೆದರು. ನಾನು ಓಡಿ ಹೋಗಿ ಬಾನೆಟ್ಟಿನ ಮೇಲೆ ಕೂತುಬಿಟ್ಟೆ. ಕಾದ ಹಂಚಿನ ಹಾಗೆ ಸುಡುತ್ತಿತ್ತು. ಆದರೂ ಏಳಲಿಲ್ಲ.